ಅಪ್‌ಡೇಟ್: ಟ್ಯಾಬ್ಲೆಟ್‌ನಿಂದ ಹಾಡು ಬದಲಿಸಲು ಆಗುತ್ತಿದೆ!

ಹಾಡುಗಳೆಲ್ಲ ಕಂಪ್ಯೂಟರ್‌ನಲ್ಲಿವೆ, ಸ್ಪೀಕರ್ ಕೂಡ ಅದಕ್ಕೇ ಜೋಡಿಸಿದೆ, ಎದ್ದು ಹೋಗದೆ ಟ್ಯಾಬ್ಲೆಟ್‌ನಿಂದ ಹಾಡು ಆರಿಸಬಹುದಾ ಎಂದು ಕೇಳಿದ್ದೆ. ನೀವು ಹೇಳಿದ ಹಾಗೆ ಲಿನಕ್ಸ್ ಕಂಪ್ಯೂಟರ್‌ಗೆ ಎಂಪಿಡಿ (ಬೇರೆ ಸಾಧನದಿಂದ ನಿಯಂತ್ರಿಸಬಹುದಾದ, ಹಾಡು ನುಡಿಸುವ ತಂತ್ರಾಂಶ), ಆಂಡ್ರಾಯ್ಡ್ ಟ್ಯಾಬ್ಲೆಟ್‌ಗೆ ಅದರ ರಿಮೋಟ್ ಆಪ್ ಹಾಕಿದೆ.

ಎರಡು ದಿನ ಕನೆಕ್ಟ್ ಆಗಲೇ ಇಲ್ಲ. ಎಂಪಿಡಿಯ ಕಾನ್ಫಿಗ್ ಫೈಲ್‌ನಲ್ಲಿ ವಿಳಾಸ 'ಲೋಕಲ್‌ಹೋಸ್ಟ್' ಎಂದಿತ್ತು. ಅಂದರೆ ಅದೇ ಕಂಪ್ಯೂಟರ್‌ನಿಂದ ಬಂದ ಆದೇಶವನ್ನು ಮಾತ್ರ ಅದು ಕೇಳುತ್ತದೆ. ಅಲ್ಲಿ ಕಂಪ್ಯೂಟರ್‌ನ ಐಪಿ ವಿಳಾಸ ಹಾಕಿದೆ. ಫೈರ್‌ವಾಲ್‌ನಲ್ಲಿ ಎಂಪಿಡಿ ಆದೇಶ ಕೇಳುವ 6600ನೇ ಪೋರ್ಟ್ ತೆರೆದೆ, ಮನೆಯ ನೆಟ್‌ವರ್ಕ್‌ಗೆ ಮಾತ್ರ. ಇಂಟರ್ನೆಟ್‌ಗೆ ತೆರೆಯಬೇಡಿ ಎಂದು ಎಚ್ಚರಿಸಿದವರಿಗೆ ವಿಶೇಷ ಧನ್ಯವಾದ.

ಆಮೇಲೂ ಆಗಲಿಲ್ಲ! ನೋಡಿದರೆ ಟ್ಯಾಬ್ಲೆಟ್ ಗೆಸ್ಟ್ ವೈಫೈನಲ್ಲಿತ್ತು. ಅಲ್ಲಿಂದ ಮನೆಯ ಬೇರೆ ಸಾಧನಗಳು ಕಾಣುವುದಿಲ್ಲ. ಮುಖ್ಯ ವೈಫೈಗೆ ಬದಲಿಸಿದ ತಕ್ಷಣ ಆಲ್ಬಂಗಳೆಲ್ಲ ಪರದೆಯ ಮೇಲೆ ಬಂದವು. ಎಷ್ಟು ಖುಷಿಯಾಯಿತು ಗೊತ್ತಾ!

ಐಪಿ ವಿಳಾಸ ಬದಲಾಗದಂತೆ ರೂಟರ್‌ನಲ್ಲಿ ಕಾಯ್ದಿರಿಸಿದ್ದೇನೆ. ಟ್ಯಾಬ್ಲೆಟ್ ಆಫ್ ಮಾಡಿದರೂ ಹಾಡು ನಿಲ್ಲುವುದಿಲ್ಲ, ಯಾಕಂದರೆ ನುಡಿಸುವುದು ಕಂಪ್ಯೂಟರ್. ನನಗೆ ಬೇಕಿದ್ದದ್ದೂ ಇದೇ. ಹಳೆಯ ಫೈಲ್‌ಗಳಲ್ಲಿ ಟ್ಯಾಗ್ (ಫೈಲ್‌ನೊಳಗೇ ಬರೆದಿಟ್ಟ ಹಾಡಿನ ವಿವರ) ಇಲ್ಲದ್ದರಿಂದ ಕಲಾವಿದರ ಹೆಸರು ಖಾಲಿ ಬರುತ್ತಿದೆ. ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಎಂಬ ಟ್ಯಾಗ್ ತುಂಬುವ ತಂತ್ರಾಂಶದಲ್ಲಿ ಒಂದೊಂದೇ ಆಲ್ಬಂ ಸರಿ ಮಾಡುತ್ತಿದ್ದೇನೆ.