ಸರ್ಫ್ ಗ್ರೀನ್‌ಗೆ ಕ್ರೋಮ್, ಇಲ್ಲ ಕಪ್ಪಿಗೆ ಗೋಲ್ಡ್: ನಿಮ್ಮ ಕಣ್ಣು ಯಾವುದರ ಮೇಲೆ?

ಕಡಲತಡಿ ತಂತಿ (ಮಂಗಳೂರು)

ಎಲ್ಲರಿಗೂ ನಮಸ್ಕಾರ. ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್ ಎಲೆಕ್ಟ್ರಿಕ್ ಗಿಟಾರ್) ಮಾದರಿಯ ಹೊಸ ಗಿಟಾರ್ ತಗೊಳ್ಳೋಣ ಅಂತ ದುಡ್ಡು ಕೂಡಿಟ್ಟಿದ್ದೇನೆ. ನೆಕ್ ಎಷ್ಟು ದಪ್ಪ ಇರಬೇಕು, ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಯಾವುದು ಅನ್ನೋದೆಲ್ಲ ತೀರ್ಮಾನ ಆಗಿದೆ. ಬಣ್ಣದ ಹತ್ತಿರ ಬಂದು ನಿಂತಿದ್ದೇನೆ. ಅಂಗಡಿಯಲ್ಲಿ ಎರಡು ಉಂಟು. ಒಂದು ಸರ್ಫ್ ಗ್ರೀನ್ ಅನ್ನುವ ತಿಳಿಹಸಿರು, ಅದಕ್ಕೆ ಬಿಳಿ ಪಿಕ್‌ಗಾರ್ಡ್ (ಬಾಡಿ ಮೇಲೆ ಕೂರುವ ಪ್ಲಾಸ್ಟಿಕ್ ಹಲಗೆ), ಕ್ರೋಮ್ ಬ್ರಿಡ್ಜ್ (ಬಾಡಿ ಮೇಲೆ ತಂತಿ ಕೂರುವ ಲೋಹದ ಭಾಗ), ಕ್ರೋಮ್ ಟ್ಯೂನರ್ (ತಂತಿ ಬಿಗಿಸುವ ಕಿವಿಗಳು). ಇನ್ನೊಂದು ಪೂರ್ತಿ ಕಪ್ಪು, ಹಾರ್ಡ್‌ವೇರ್, ಅಂದರೆ ಲೋಹದ ಭಾಗಗಳು ಮಾತ್ರ ಎಲ್ಲ ಗೋಲ್ಡ್. ಎರಡನ್ನೂ ಕೂತು ನುಡಿಸಿ ನೋಡಿದೆ. ಕೈಗೆ ಎರಡೂ ಒಂದೇ, ಬೆಲೆಯಲ್ಲೂ ಅಂಥ ವ್ಯತ್ಯಾಸ ಇಲ್ಲ.

ನನ್ನ ರುಚಿ ಮೊದಲೇ ಹೇಳಿಬಿಡ್ತೇನೆ. ಸನ್‌ಬರ್ಸ್ಟ್ (ನಡುವೆ ತಿಳಿ, ಅಂಚಿಗೆ ಕಡು ಬಣ್ಣ) ನನಗೆ ಹಿಡಿಸುವುದಿಲ್ಲ. ಯಾರ ಕೈಯಲ್ಲಿ ನೋಡಿದರೂ ಅದೇ, ನೋಡಿ ನೋಡಿ ಸಾಕಾಗಿದೆ. ಮೆಟಾಲಿಕ್ ಬಣ್ಣಗಳೂ ಅಷ್ಟಕ್ಕಷ್ಟೆ. ಸರ್ಫ್ ಗ್ರೀನ್ ನೋಡಿದ ಕೂಡಲೇ ಮನಸ್ಸಿಗೆ ಬಂತು, ಆದರೆ ಹತ್ತು ವರ್ಷ ಕಳೆದ ಮೇಲೂ ಇಷ್ಟ ಆಗುತ್ತದಾ ಅಂತ ಅನುಮಾನ. ಕಪ್ಪು ಯಾವತ್ತೂ ಬೇಸರ ತರಿಸುವುದಿಲ್ಲ, ಆದರೆ ಆ ಗೋಲ್ಡ್ ಸ್ವಲ್ಪ ಜಾಸ್ತಿ ಆಯ್ತೇನೋ ಅನಿಸುತ್ತದೆ. ಮತ್ತೆ ನಮ್ಮ ಕಡೆಯ ಸೆಕೆ, ಬೆವರು, ಉಪ್ಪುಗಾಳಿ ನಿಮಗೆ ಗೊತ್ತಲ್ಲ ಮಾರಾಯ್ರೆ, ಅದರ ಮೇಲೆ ಜೂನ್‌ನಿಂದ ಬಿಡದ ಮಳೆ. ಗೋಲ್ಡ್ ಇಲ್ಲಿ ಎಷ್ಟು ಕಾಲ ನಿಂತೀತು?

ಬಣ್ಣಕ್ಕೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ತೀಯ, ಸೌಂಡ್ ನೋಡು ಅಂತ ದಯವಿಟ್ಟು ಹೇಳಬೇಡಿ. ಗಿಟಾರ್ ಕಣ್ಣಿಗೆ ಚೆಂದ ಕಂಡರೆ ಕೈ ತಾನಾಗಿ ಅದರ ಕಡೆ ಹೋಗುತ್ತದೆ, ಅಭ್ಯಾಸವೂ ಜಾಸ್ತಿ ಆಗುತ್ತದೆ. ನಿಮ್ಮ ನಿಮ್ಮ ರುಚಿ ಮುಚ್ಚುಮರೆ ಇಲ್ಲದೆ ಹೇಳಿ.

ಬಸವನಗುಡಿ ಬೆಂಡ್

ಕಪ್ಪು ತಗೊಳ್ಳಿ ಗುರು, ಯೋಚನೆ ಬೇಡ. ಗೋಲ್ಡ್ ಜಾಸ್ತಿ ಅನಿಸುವುದು ಅಂಗಡಿಯ ಬಿಳಿ ಬೆಳಕಿನಲ್ಲಿ ಮಾತ್ರ. ಸ್ಟೇಜ್ ಮೇಲೆ ಲೈಟ್ ಬಿದ್ದಾಗ ಕಪ್ಪು ಬಾಡಿ ಹಿಂದಕ್ಕೆ ಸರಿದುಬಿಡುತ್ತದೆ, ಬ್ರಿಡ್ಜ್, ನಾಬ್, ಟ್ಯೂನರ್ ಮಾತ್ರ ಎದ್ದು ಕಾಣುತ್ತವೆ. ಗಿಬ್ಸನ್ ಕಂಪನಿಯವರು 1954ರಲ್ಲಿ ಲೆಸ್ ಪಾಲ್ ಕಸ್ಟಮ್ ಗಿಟಾರ್ ತಂದಾಗ ಮಾಡಿದ್ದು ಇದನ್ನೇ. ಕಪ್ಪು ಬಾಡಿ, ಅಂಚಿಗೆ ಬಿಳಿ ಬೈಂಡಿಂಗ್ ಪಟ್ಟಿ, ಹಾರ್ಡ್‌ವೇರ್ ಎಲ್ಲ ಗೋಲ್ಡ್. ಬ್ಲ್ಯಾಕ್ ಬ್ಯೂಟಿ ಅನ್ನೋ ಹೆಸರು ಇವತ್ತಿಗೂ ನಿಂತಿದೆ.

ಬಿಳಿಗೂ ಗೋಲ್ಡ್ ಒಪ್ಪುತ್ತದೆ. ಗ್ರೆಚ್ ಕಂಪನಿಯ ವೈಟ್ ಫಾಲ್ಕನ್ ಗಿಟಾರ್ ನೋಡಿ, ಅದರ ಅಂಚಿನ ಮಿಣುಗುವ ಚಿನ್ನದ ಪಟ್ಟಿ ಅವರದೇ ಡ್ರಮ್‌ಗಳಿಗೆ ಸುತ್ತುತ್ತಿದ್ದ ಹಾಳೆಯಿಂದ ಬಂದದ್ದು. ಡ್ರಮ್ ಮಾಡುವ ಕಂಪನಿ ಆಗಿದ್ದರಿಂದ ಅಂಥದ್ದು ಹೊಳೆಯಿತು. ಕೆಂಪಿಗೆ ಬೇಕಾದರೆ ಇಂಗ್ಲೆಂಡ್‌ನ ಗಿಟಾರ್ ವಾದಕ ಹ್ಯಾಂಕ್ ಮಾರ್ವಿನ್‌ಗೆ 1959ರಲ್ಲಿ ಅಮೆರಿಕದಿಂದ ತರಿಸಿಕೊಟ್ಟ ಸ್ಟ್ರಾಟ್ ಇದೆ. ಫಿಯೆಸ್ಟಾ ರೆಡ್, ಗೋಲ್ಡ್ ಹಾರ್ಡ್‌ವೇರ್. ಆ ಒಂದು ಗಿಟಾರ್ ನೋಡಿ ಇಂಗ್ಲೆಂಡ್‌ನ ಹುಡುಗರೆಲ್ಲ ಕೆಂಪು ಸ್ಟ್ರಾಟ್‌ಗೆ ಆಸೆಪಟ್ಟರು.

ನನ್ನ ಲೆಕ್ಕ ಇಷ್ಟೆ: ಕಪ್ಪು, ಬಿಳಿ, ಕೆಂಪು, ಕಡು ಕಂದು, ಈ ನಾಲ್ಕಕ್ಕೆ ಗೋಲ್ಡ್. ತಿಳಿಹಸಿರು, ತಿಳಿನೀಲಿಗೆ ಗೋಲ್ಡ್ ಹಾಕಿದರೆ ಎರಡೂ ಕೆಡುತ್ತವೆ. ಸವೆದ ಗೋಲ್ಡ್ ಬಗ್ಗೆ ಹೆದರಬೇಡಿ. ಅರ್ಧ ಸವೆದು ಒಳಗಿನ ಬೆಳ್ಳಿ ಬಣ್ಣ ಇಣುಕಿದ ಬ್ರಿಡ್ಜ್ ನನಗೆ ಹೊಸದಕ್ಕಿಂತ ಚೆಂದ ಕಾಣುತ್ತದೆ, ನಿಜವಾಗಿ ಹೇಳ್ತಿದ್ದೇನೆ.

ರಿಪೇರಿ ಬೆಂಚು (ಬೆಂಗಳೂರು)

ದಿನಾ ಈ ಹಾರ್ಡ್‌ವೇರ್ ಬಿಚ್ಚಿ ಜೋಡಿಸುವುದೇ ನನ್ನ ಕೆಲಸ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಗಿಟಾರ್ ಮೇಲಿನ ಗೋಲ್ಡ್ ಅಂದರೆ ಸಾಮಾನ್ಯವಾಗಿ ನಿಕಲ್ ಮೇಲೆ ಕೂರಿಸಿದ ತೀರಾ ತೆಳು ಪದರ, ಕಾಜು ಬರ್ಫಿ ಮೇಲಿನ ಬೆಳ್ಳಿ ವರಖಿನ ಹಾಗೆ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಆದರೆ ಅದು ಮೆತ್ತಗಿನ ಲೋಹ, ಉಜ್ಜಿದರೆ ಹೋಗುತ್ತದೆ. ಮೊದಲು ಹೋಗುವುದು ಬ್ರಿಡ್ಜ್ ಸ್ಯಾಡಲ್‌ಗಳ (ಒಂದೊಂದು ತಂತಿ ಕೂರುವ ತುಂಡುಗಳ) ಮೇಲೆ, ಬಲ ಅಂಗೈಯ ಅಂಚು ಕೂರುವ ಜಾಗದಲ್ಲಿ. ಆಮೇಲೆ ವಾಲ್ಯೂಮ್ ನಾಬ್. ಹಂಬಕರ್ (ಎರಡು ಸುರುಳಿಯ ಪಿಕಪ್) ಇದ್ದರೆ ಅದರ ಕವರ್ ಮೇಲೆ, ತಂತಿ ಮೀಟುವ ಪಿಕ್ ತಾಗುವ ಕಡೆ. ಟ್ಯೂನರ್‌ಗಳು ವರ್ಷಗಟ್ಟಲೆ ಚೆನ್ನಾಗಿರುತ್ತವೆ. ಬೆವರು ಜಾಸ್ತಿ ಇರುವವರ ಕೈಯಲ್ಲಿ ಒಂದೆರಡು ವರ್ಷಕ್ಕೇ ಬ್ರಿಡ್ಜ್ ಬೋಳಾದದ್ದು ನೋಡಿದ್ದೇನೆ, ಒಣಗೈಯವರ ಹತ್ತಿರ ಹತ್ತು ವರ್ಷದ್ದೂ ಹಾಗೇ ಇರುತ್ತದೆ. ಗೋಲ್ಡ್‌ಗೆ ಪಾಲಿಶ್ ಹಾಕಬೇಡಿ. ಮೆತ್ತಗಿನ ಒಣ ಬಟ್ಟೆಯಲ್ಲಿ ಒರೆಸಿ, ಸಾಕು.

ಕ್ರೋಮ್ ಬೇರೆ ಥರ. ಅದರಲ್ಲೂ ಅಡಿಯಲ್ಲಿ ನಿಕಲ್ಲೇ ಇರುತ್ತದೆ, ಮೇಲೆ ತೆಳುವಾಗಿ ಕ್ರೋಮಿಯಂ. ತೆಳುವಾದರೂ ತುಂಬಾ ಗಟ್ಟಿ, ಕೈ ತಾಗಿ ಸವೆಯುವುದು ಕಡಿಮೆ. ಬರೀ ನಿಕಲ್ ಆದರೆ ದಿನ ಕಳೆದಂತೆ ಮಂಕಾಗುತ್ತದೆ, ಮೋಡ ಕವಿದಂತೆ ಆಗುತ್ತದೆ. ಎರಡನ್ನೂ ಕಿಟಕಿ ಹತ್ತಿರ ಪಕ್ಕ ಪಕ್ಕ ಇಟ್ಟು ನೋಡಿ. ಕ್ರೋಮ್‌ನ ಹೊಳಪಿನಲ್ಲಿ ನೀಲಿ ಛಾಯೆ, ನಿಕಲ್‌ನದರಲ್ಲಿ ಚೂರು ಹಳದಿ. ಗಿಬ್ಸನ್ 1960ರ ದಶಕದ ಮಧ್ಯದವರೆಗೆ ನಿಕಲ್ ಹಾಕಿ ಆಮೇಲೆ ಕ್ರೋಮ್‌ಗೆ ಬಂತು, ಹಳೇ ಗಿಟಾರ್ ಹುಡುಕುವವರು ಮೊದಲು ಆ ಮಂಕನ್ನೇ ನೋಡುತ್ತಾರೆ. ನನ್ನ ಸ್ವಂತ ರುಚಿ ನಿಕಲ್. ಕೆಲವರ ಚರ್ಮಕ್ಕೆ ನಿಕಲ್ ಆಗುವುದಿಲ್ಲ, ತುರಿಕೆ ಬರುತ್ತದೆ, ಅದನ್ನು ನೋಡಿಕೊಳ್ಳಿ.

ಮಂಗಳೂರಲ್ಲಿ ನಿಮ್ಮ ನಿಜವಾದ ಶತ್ರು ಸ್ಯಾಡಲ್‌ನ ಎತ್ತರ ಹೊಂದಿಸುವ ಸಣ್ಣ ಸಣ್ಣ ಸ್ಕ್ರೂಗಳು. ಅವು ಸಾಮಾನ್ಯವಾಗಿ ಉಕ್ಕಿನವು, ಲೇಪ ತೀರಾ ಕಡಿಮೆ. ಬ್ರಿಡ್ಜ್ ಫಳಫಳ ಅನ್ನುತ್ತಿದ್ದರೂ ಇವು ತುಕ್ಕು ಹಿಡಿದು ಜಾಮ್ ಆಗಿ ಅಲೆನ್ ಕೀ ತಿರುಗುವುದೇ ಇಲ್ಲ. ಕರಾವಳಿಯಿಂದ ನನ್ನ ಬೆಂಚಿಗೆ ಬರುವ ಗಿಟಾರ್‌ಗಳಲ್ಲಿ ಇದೇ ದೊಡ್ಡ ತೊಂದರೆ. ಕ್ರೋಮ್ ಇರಲಿ ಗೋಲ್ಡ್ ಇರಲಿ, ತಗೊಂಡ ವಾರವೇ ಆ ಸ್ಕ್ರೂಗಳನ್ನು ಸ್ಟೇನ್‌ಲೆಸ್ ಸ್ಟೀಲ್‌ಗೆ ಬದಲಿಸಿ. ಖರ್ಚು ತೀರಾ ಕಡಿಮೆ. ಕೇಸ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ನುಡಿಸಿದ ಮೇಲೆ ತಂತಿ, ಬ್ರಿಡ್ಜ್ ಒರೆಸಿ.

ಲೇಪದಿಂದ ಸೌಂಡ್ ಬದಲಾಗುವುದಿಲ್ಲ. ಅಡಿಯ ಲೋಹದಿಂದ ಆಗಬಹುದು. ಟ್ರೆಮೊಲೊ ಬ್ಲಾಕ್ (ಬ್ರಿಡ್ಜ್ ಅಡಿಯ ಲೋಹದ ತುಂಡು) ಉಕ್ಕಿನದೋ ಸತುವಿನದೋ, ಪಿಕಪ್ ಕವರ್ ಹಿತ್ತಾಳೆಯದೋ ನಿಕಲ್ ಸಿಲ್ವರ್‌ನದೋ, ಅದನ್ನು ವಿಚಾರಿಸಿ.

ಡೆಟ್ರಾಯ್ಟ್ ಕನ್ನಡಿಗ

ಸರ್ಫ್ ಗ್ರೀನ್ ಪರವಾಗಿ ನನ್ನದೊಂದು ಮಾತು. ಫೆಂಡರ್‌ನ ಈ ಹಳೇ ಬಣ್ಣಗಳಲ್ಲಿ ಹೆಚ್ಚಿನವು ಗಿಟಾರ್‌ಗೆ ಅಂತ ಹುಟ್ಟಿದವೇ ಅಲ್ಲ, ಕಾರಿನ ಬಣ್ಣಗಳು. ಡುಪಾಂಟ್ ಕಂಪನಿಯ ಪೇಂಟ್. ಫಿಯೆಸ್ಟಾ ರೆಡ್ 1956ರ ಫೋರ್ಡ್ ಥಂಡರ್‌ಬರ್ಡ್‌ನದು, ಶೆಲ್ ಪಿಂಕ್ ಡಿಸೋಟೊದ್ದು, ಲೇಕ್ ಪ್ಲಾಸಿಡ್ ಬ್ಲೂ 1958ರ ಕ್ಯಾಡಿಲಾಕ್‌ನದು. ನಿಮ್ಮ ಸರ್ಫ್ ಗ್ರೀನ್ 1957ರ ಷೆವರ್ಲೆದು. ಸ್ಟ್ರಾಟ್ 1954ರಲ್ಲಿ ಬಂದಾಗ ಮಾಮೂಲಿ ಬಣ್ಣ ಸನ್‌ಬರ್ಸ್ಟ್. ಬೇರೆ ಬಣ್ಣ ಬೇಕು ಅಂದರೆ 5 ಪರ್ಸೆಂಟ್ ಜಾಸ್ತಿ ಕೊಡಬೇಕಿತ್ತು. ಎಷ್ಟೋ ಸಲ ಆಗಲೇ ಸನ್‌ಬರ್ಸ್ಟ್ ಹೊಡೆದಿದ್ದ ಬಾಡಿ ಮೇಲೇ ಹೊಸ ಬಣ್ಣ ಹೊಡೆದು ಕಳಿಸುತ್ತಿದ್ದರು. ಅದಕ್ಕೇ ಸವೆದ ಹಳೇ ಗಿಟಾರ್‌ಗಳಲ್ಲಿ ಮೇಲಿನ ಬಣ್ಣದ ಕೆಳಗೆ ಸನ್‌ಬರ್ಸ್ಟ್ ಇಣುಕುವುದು ಕಾಣುತ್ತದೆ.

ಇಲ್ಲಿ ಪ್ರತಿ ಆಗಸ್ಟ್‌ನಲ್ಲಿ ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಕಾರುಗಳ ದೊಡ್ಡ ಮೆರವಣಿಗೆ ನಡೆಯುತ್ತದೆ. 57ರ ಷೆವರ್ಲೆ ಆ ಹಸಿರಿನಲ್ಲಿ ಎದುರಿಗೆ ಬಂದರೆ ಕಣ್ಣು ಕೀಳಲು ಆಗುವುದಿಲ್ಲ. ಮುಂದೆ ಅಗಲದ ಕ್ರೋಮ್ ಬಂಪರ್, ಪಕ್ಕದಲ್ಲಿ ಉದ್ದಕ್ಕೂ ಎಳೆದ ಹೊಳೆಯುವ ಪಟ್ಟಿ, ಹೆಡ್‌ಲೈಟ್ ಸುತ್ತ ಕ್ರೋಮ್ ಬಳೆ, ನಡುವೆ ಆ ತಣ್ಣಗಿನ ಹಸಿರು. ಆ ಬಣ್ಣವನ್ನು ಕ್ರೋಮ್ ಪಕ್ಕದಲ್ಲಿ ನಿಲ್ಲಿಸುವುದಕ್ಕೇ ಮಾಡಿದ್ದು ಅಲ್ವಾ? ಹಾಗಾಗಿ ಸರ್ಫ್ ಗ್ರೀನ್‌ಗೆ ಕ್ರೋಮ್ ಸಾಕಾ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಅದಕ್ಕೆ ಕ್ರೋಮೇ ಆಗಬೇಕು. ಬಸವನಗುಡಿಯವರು ಹಸಿರಿಗೆ ಗೋಲ್ಡ್ ಬೇಡ ಅಂದದ್ದು ನೂರಕ್ಕೆ ನೂರು ಸರಿ.

ಹತ್ತು ವರ್ಷದ ಮೇಲೆ ಹೇಗೆ ಅಂತ ಕೇಳಿದಿರಿ. ಹಳೇ ಗಿಟಾರ್‌ಗಳ ನೈಟ್ರೊ ಲ್ಯಾಕರ್ (ನೈಟ್ರೊಸೆಲ್ಯುಲೋಸ್ ಮೆರುಗು) ಕಾಲ ಕಳೆದಂತೆ ಹಳದಿ ಆಗುತ್ತದೆ, ಅದರಿಂದ ಬಿಳಿ ಬೆಣ್ಣೆ ಬಣ್ಣಕ್ಕೆ ತಿರುಗುತ್ತದೆ, ನೀಲಿ ಹಸಿರಾಗಿ ಕಾಣುತ್ತದೆ. ನಿಮ್ಮದು ಹೊಸ ಗಿಟಾರ್, ಪಾಲಿ (ಪಾಲಿಯೆಸ್ಟರ್ ಅಥವಾ ಪಾಲಿಯುರಥೇನ್) ಫಿನಿಶ್ ಇರಬೇಕು. ಹಾಗಿದ್ದರೆ ಬಣ್ಣ ಬಹುಮಟ್ಟಿಗೆ ಇವತ್ತು ಇದ್ದ ಹಾಗೇ ಇರುತ್ತದೆ. ಇವತ್ತು ಇಷ್ಟ ಆಗಿದ್ದರೆ ಧೈರ್ಯವಾಗಿ ತಗೊಳ್ಳಿ.

ಹುಬ್ಬಳ್ಳಿ ಡ್ರಾಪ್ ಡಿ

ಎರಡೂ ಬ್ಯಾಡ್ರಿ. ಬಾಡಿನೂ ಕಪ್ಪು, ಹಾರ್ಡ್‌ವೇರೂ ಕಪ್ಪು, ಮೇಲೆ ಸ್ಯಾಟಿನ್ ಫಿನಿಶ್. ಹೊಳಪೇ ಬೇಡ. ಮೆಟಲ್ ನುಡಿಸುವವರಿಗೆ ಇದಕ್ಕಿಂತ ಚೆಂದದ್ದು ಇಲ್ಲ, ಬೆರಳ ಗುರುತೂ ಕಡಿಮೆ ಕಾಣುತ್ತದೆ. ಹೊಳೆಯುವ ಕಪ್ಪಿನ ಮೇಲೆ ಪಿಕ್‌ನ ಒಂದೊಂದು ಗೀರೂ ಲೈಟಿಗೆ ಎದ್ದು ಕಾಣುತ್ತದೆ, ಆ ಕಪ್ಪು ಗಿಟಾರ್ ತಗೊಂಡರೆ ಇದಕ್ಕೆ ತಯಾರಾಗಿ ಇರ್ರಿ. ಬೆಂಚಿನವರೇ, ಕಪ್ಪು ಹಾರ್ಡ್‌ವೇರ್ ಬಗ್ಗೆ ನೀವು ಏನೂ ಹೇಳಲೇ ಇಲ್ಲ?

ರಿಪೇರಿ ಬೆಂಚು (ಬೆಂಗಳೂರು)

ಕಪ್ಪಿನಲ್ಲಿ ಎರಡು ಥರ. ಒಂದು ಕಪ್ಪು ಕ್ರೋಮ್, ಅದು ಲೋಹದ ಲೇಪ, ಚೆನ್ನಾಗಿ ಬಾಳುತ್ತದೆ, ನೋಡಲು ಹೊಗೆ ಹಿಡಿದ ಕನ್ನಡಿ ಬಣ್ಣ. ಇನ್ನೊಂದು ಬರೀ ಪೇಂಟು. ಅದರಲ್ಲಿ ತಂತಿ ಕೂರುವ ಗೆರೆಯಲ್ಲಿ ಮೊದಲು ಕಿತ್ತುಬಂದು ಅಡಿಯ ಲೋಹ ಕಾಣುತ್ತದೆ. ತಗೊಳ್ಳುವ ಮೊದಲು ಯಾವುದು ಅಂತ ಕೇಳಿ.

ಮೈಸೂರು ಟೆಲಿ

ಎಲ್ಲರೂ ಬ್ರಿಡ್ಜ್, ಟ್ಯೂನರ್ ಅಂತಲೇ ಮಾತಾಡ್ತಿದ್ದೀರಿ. ಎರಡು ಹೆಜ್ಜೆ ಹಿಂದೆ ನಿಂತು ಗಿಟಾರ್ ನೋಡಿದರೆ ಕಣ್ಣಿಗೆ ಬೀಳುವುದು ಪಿಕ್‌ಗಾರ್ಡ್ ಮತ್ತು ಫಿಂಗರ್‌ಬೋರ್ಡ್ (ನೆಕ್ ಮೇಲೆ ಬೆರಳು ಒತ್ತುವ ಹಲಗೆ). ನಾನು ಬಟರ್‌ಸ್ಕಾಚ್ ಬಣ್ಣದ ಟೆಲಿ (ಫೆಂಡರ್ ಟೆಲಿಕ್ಯಾಸ್ಟರ್) ನುಡಿಸುತ್ತೇನೆ, ಕಪ್ಪು ಪಿಕ್‌ಗಾರ್ಡ್, ಮೇಪಲ್ ನೆಕ್. ಅದೇ ಬಾಡಿಗೆ ಬಿಳಿ ಪಿಕ್‌ಗಾರ್ಡ್ ಹಾಕಿ ನೋಡಿದರೆ ಬೇರೆಯೇ ಗಿಟಾರ್ ಅನಿಸುತ್ತದೆ, ಎಲ್ಲ ತೆಳ್ಳಗೆ ಕಾಣುತ್ತದೆ.

ಸರ್ಫ್ ಗ್ರೀನ್‌ಗೆ ಅಚ್ಚ ಬಿಳಿ ಪಿಕ್‌ಗಾರ್ಡ್ ಸ್ವಲ್ಪ ಕಣ್ಣಿಗೆ ಹೊಡೆಯುತ್ತದೆ. ಮಿಂಟ್ ಹಾಕಿಸಿ. 1960ರ ಆಸುಪಾಸಿನ ಫೆಂಡರ್ ಪಿಕ್‌ಗಾರ್ಡ್‌ಗಳು ಸೆಲ್ಯುಲಾಯ್ಡ್‌ನವು, ವರ್ಷ ಕಳೆದಂತೆ ತಾವಾಗಿ ಎಳೆ ಹಸಿರಿಗೆ ತಿರುಗಿದವು. ಈಗ ಅದೇ ಛಾಯೆಯನ್ನು ಹೊಸ ಪ್ಲಾಸ್ಟಿಕ್‌ನಲ್ಲೇ ಮಾಡಿ ಮಾರುತ್ತಾರೆ. ನಾಬ್ ಮತ್ತು ಪಿಕಪ್ ಕವರ್ ಕೂಡ ಅಚ್ಚ ಬಿಳಿ ಬಿಟ್ಟು ಹಳೇ ಬಿಳಿ ಬಣ್ಣದ್ದು ಹಾಕಿ. ತಗೊಳ್ಳುವಾಗ ಸ್ಕ್ರೂ ತೂತು ಎಣಿಸಿ, ಸ್ಟ್ರಾಟ್‌ನಲ್ಲಿ 8 ತೂತಿನದೂ ಇದೆ, 11 ತೂತಿನದೂ ಇದೆ, ಒಂದಕ್ಕೊಂದು ಕೂರುವುದಿಲ್ಲ. ಫಿಂಗರ್‌ಬೋರ್ಡ್ ರೋಸ್‌ವುಡ್ ಆದರೆ ಆ ಹಸಿರು ಇನ್ನೂ ಚೆಂದ, ಮೇಪಲ್ ಪಕ್ಕ ಅದು ಸ್ವಲ್ಪ ಬಿಳಿಚಿಕೊಳ್ಳುತ್ತದೆ ಅಂತ ನನ್ನ ಅನಿಸಿಕೆ.

ಇನ್ನೊಂದು ಮಾತು, ಹುಬ್ಬಳ್ಳಿಯವರಿಗೂ ಸೇರಿ. ಆಯುಧಪೂಜೆ ದಿನ ಗಿಟಾರ್‌ಗೆ ಅರಿಶಿನ ಕುಂಕುಮ ಇಡುವವರು ಸ್ಯಾಟಿನ್ ಫಿನಿಶ್ ಮೇಲೆ ನೇರವಾಗಿ ಇಡಬೇಡಿ, ತಿಳಿ ಬಣ್ಣ ಆದರಂತೂ ಬೇಡವೇ ಬೇಡ. ಅರಿಶಿನದ ಕಲೆ ಸುಲಭಕ್ಕೆ ಹೋಗುವುದಿಲ್ಲ. ಹಿಂದಿನ ಸ್ಪ್ರಿಂಗ್ ಮುಚ್ಚುವ ಪ್ಲಾಸ್ಟಿಕ್ ತಟ್ಟೆ ಮೇಲೆ ಇಟ್ಟರೆ ಆಯಿತು. ನಮ್ಮ ಮನೆಯಲ್ಲಿ ಅಮ್ಮ ಹಾಗೇ ಮಾಡುತ್ತಾರೆ, ಹೂವು ಮಾತ್ರ ಹೆಡ್‌ಸ್ಟಾಕ್‌ಗೆ.

ಬಸವನಗುಡಿ ಬೆಂಡ್

ಮಿಂಟ್ ಪಿಕ್‌ಗಾರ್ಡ್ ಅಂದಮೇಲೆ ನನಗೂ ಆ ಹಸಿರು ಕಣ್ಣಿಗೆ ಕಟ್ಟುತ್ತಿದೆ. ಆದರೂ ನನ್ನ ವೋಟ್ ಕಪ್ಪಿಗೇ. ಗೋಲ್ಡ್ ಸವೆತದ ಮಾತು ಬಂತಲ್ಲ, 1950ರ ದಶಕದ ಲೆಸ್ ಪಾಲ್ ಗೋಲ್ಡ್‌ಟಾಪ್ (ಮುಂಭಾಗಕ್ಕೆ ಚಿನ್ನದ ಬಣ್ಣ ಹೊಡೆದ ಗಿಟಾರ್) ಫೋಟೊಗಳನ್ನು ಹತ್ತಿರದಿಂದ ನೋಡಿ. ಆ ಬಣ್ಣಕ್ಕೆ ಬೆರೆಸಿದ್ದು ಕಂಚಿನ ಪುಡಿ. ಲ್ಯಾಕರ್ ಸವೆದು ತೋಳು ತಾಗುವ ಕಡೆ ಕಿಲುಬು ಹಿಡಿದು ಹಸಿರಾಗಿರುತ್ತದೆ. ನನ್ನ ಪ್ರಕಾರ ಗಿಟಾರ್ ಮೇಲೆ ಅದಕ್ಕಿಂತ ಚೆಂದದ ಹಸಿರು ಇಲ್ಲ, ಅದನ್ನು ಯಾವ ಕಾರ್ಖಾನೆಯೂ ಡಬ್ಬಿಯಲ್ಲಿ ತುಂಬಿ ಕೊಡಲಾರದು.

ಕಡಲತಡಿ ತಂತಿ (ಮಂಗಳೂರು)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡೆಟ್ರಾಯ್ಟಿನವರು ಹೇಳಿದ ಮೇಲೆ 57ರ ಷೆವರ್ಲೆ ಫೋಟೊಗಳನ್ನು ಹುಡುಕಿ ನೋಡಿದೆ. ಬಂಪರ್ ಪಕ್ಕ ಆ ಹಸಿರು ಕಂಡ ಕೂಡಲೇ ಅನುಮಾನ ಹೋಯಿತು. ಸರ್ಫ್ ಗ್ರೀನೇ ತಗೊಳ್ತೇನೆ, ಕ್ರೋಮ್ ಹಾಗೇ ಇರಲಿ. ಫಿಂಗರ್‌ಬೋರ್ಡ್ ರೋಸ್‌ವುಡ್ಡೇ ಉಂಟು, ಮೈಸೂರಿನವರೇ. ಹುಬ್ಬಳ್ಳಿಯವರೇ, ಬೇಸರ ಮಾಡಬೇಡಿ, ಮ್ಯಾಟ್ ಕಪ್ಪು ನನ್ನ ತಮ್ಮನಿಗೆ ಇಷ್ಟ, ಅವನಿಗೆ ನಿಮ್ಮ ಮಾತು ತೋರಿಸಿದ್ದೇನೆ.

ಬೆಂಚಿನವರೇ, ಆ ಸ್ಟೇನ್‌ಲೆಸ್ ಸ್ಕ್ರೂ ಎಲ್ಲ ಬ್ರಿಡ್ಜ್‌ಗೂ ಒಂದೇ ಅಳತೆಯಾ, ಇಲ್ಲ ಹಳೆಯದನ್ನು ಬಿಚ್ಚಿ ಅಳೆಯಬೇಕಾ? ಶನಿವಾರ ಅಂಗಡಿಗೆ ಹೋಗಿ ಪಿಕ್‌ಗಾರ್ಡ್ ತೂತೂ ಎಣಿಸಿಕೊಂಡು ಬರುತ್ತೇನೆ.

ರಿಪೇರಿ ಬೆಂಚು (ಬೆಂಗಳೂರು)

ಒಂದೇ ಅಳತೆ ಅಲ್ಲ. ಸ್ಕ್ರೂನ ತಿರುಪು ಗೆರೆ ಕೆಲವಕ್ಕೆ ಇಂಚಿನ ಅಳತೆಯದು, ಕೆಲವಕ್ಕೆ ಮಿಲಿಮೀಟರ್ ಅಳತೆಯದು. ಉದ್ದವೂ ಸ್ಯಾಡಲ್‌ನಿಂದ ಸ್ಯಾಡಲ್‌ಗೆ ಬೇರೆ, ನಡುವಿನವಕ್ಕೆ ಉದ್ದ, ಅಂಚಿನವಕ್ಕೆ ಗಿಡ್ಡ. ಎರಡು ಥರದ್ದೂ ಒಂದೊಂದು ಬಿಚ್ಚಿ ಜೊತೆಗೆ ತಗೊಂಡು ಹೋಗಿ.