ಪಿಎಚ್‌ಡಿ ಮಾಡುವ ತಾಯಂದಿರಿಗೆ ಶಿಶುಪಾಲನೆಯ ಖರ್ಚಿಗೆ ನೆರವಿದೆಯೇ?

ಮೈಸೂರಿನಲ್ಲಿ ಪಿಎಚ್‌ಡಿ ಎರಡನೆಯ ವರ್ಷದಲ್ಲಿದ್ದೇನೆ. ಮಗಳಿಗೆ ಹದಿನಾಲ್ಕು ತಿಂಗಳು. ಇದುವರೆಗೆ ನೋಡಿಕೊಂಡ ಅತ್ತೆಯವರು ಮಂಡಿನೋವಿನಿಂದ ಊರಿಗೆ ಹೊರಟು ನಿಂತಿದ್ದಾರೆ. ಮನೆ ಹತ್ತಿರದ ಡೇ ಕೇರ್‌ನವರು ತಿಂಗಳಿಗೆ 7,000 ರೂಪಾಯಿ ಕೇಳಿದರು. ಊಟದ ಡಬ್ಬಿ ನಮ್ಮದೇ, ಡೈಪರ್ ನಮ್ಮದೇ, ಸಂಜೆ ಐದು ದಾಟಿದರೆ ಗಂಟೆಗೆ ನೂರು ಬೇರೆ! ನನ್ನ ಫೆಲೋಶಿಪ್ ಮೂರು ತಿಂಗಳಿಗೊಮ್ಮೆ ಬಂದರೆ ಅದೇ ಪುಣ್ಯ. ಓದುವ ತಾಯಂದಿರಿಗೆ ಸರ್ಕಾರದ ನೆರವು ಏನಾದರೂ ಇದೆಯೇ?

ಉತ್ತರ 1:
ಮೊದಲು ರಜೆಯ ಲೆಕ್ಕ ನೋಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಲ್ಲಿ ಪಿಎಚ್‌ಡಿ ಮಾಡುವ ಮಹಿಳೆಯರಿಗೆ ಇಡೀ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಗೆ ಅವಕಾಶವಿದೆ. ಗೈಡ್ ಬಳಿ ಬಾಯಿಮಾತಿನಲ್ಲಿ ಕೇಳಬೇಡಿ. ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತು ನಂಬಿ ಎರಡು ತಿಂಗಳ ಹಾಜರಿ ಕಳೆದುಕೊಂಡವಳು ನಾನು.

ಉತ್ತರ 2:
ಕೇಂದ್ರದ ‘ಪಾಲನಾ’ ಯೋಜನೆಯ ಶಿಶುಪಾಲನಾ ಕೇಂದ್ರಗಳು ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ. ಹತ್ತಿರದಲ್ಲಿ ಇದೆಯೇ ಎಂದು ನಿಮ್ಮ ಬಡಾವಣೆಯ ಅಂಗನವಾಡಿ ಕಾರ್ಯಕರ್ತೆಯನ್ನು ವಿಚಾರಿಸಿ. ರಾಜ್ಯ ಸರ್ಕಾರದ ಶಿಶುಪಾಲನಾ ಕೇಂದ್ರ ‘ಕೂಸಿನ ಮನೆ’ಯ ಆಸೆ ಬೇಡ, ಅದು ಗ್ರಾಮ ಪಂಚಾಯಿತಿಗಳಲ್ಲಿ, ಮುಖ್ಯವಾಗಿ ಗ್ರಾಮೀಣ ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ.

ಪ್ರಶ್ನೆ ಕೇಳಿದವರು:
ಹೆರಿಗೆಗೆ 180 ದಿನ ತೆಗೆದುಕೊಂಡಿದ್ದೆ, ಅಷ್ಟೇ ಎಂದುಕೊಂಡಿದ್ದೆ. ಹಾಗಾದರೆ ಇನ್ನೂ 60 ದಿನ ಕೇಳಬಹುದು! ಅರ್ಜಿ ಇವತ್ತು ರಾತ್ರಿಯೇ ಬರೆಯುತ್ತೇನೆ. ಅತ್ತೆಯವರು ಹೊರಡುವುದು ಭಾನುವಾರ.