ಗಾಯ ಹೆಬ್ಬೆರಳಿನಲ್ಲಿ, ಗಂಟು ತೊಡೆಸಂದಿನಲ್ಲಿ: ಸಂಬಂಧವೇನು?

ಕುತೂಹಲಿ

ಎಲ್ಲರಿಗೂ ನಮಸ್ಕಾರ. ಹತ್ತು ದಿನಗಳ ಹಿಂದೆ ನನ್ನ ಬಲಗಾಲಿನ ಹೆಬ್ಬೆರಳ ಉಗುರಿನ ಪಕ್ಕದಲ್ಲಿ ಸಣ್ಣ ಗಾಯವಾಗಿ ಕೀವು ಕಟ್ಟಿತು. ಮೂರನೆಯ ದಿನ ಅದೇ ಕಾಲಿನ ತೊಡೆಸಂದಿನಲ್ಲಿ ಹುಣಸೆಬೀಜದಷ್ಟು ಗಾತ್ರದ, ಒತ್ತಿದರೆ ನೋಯುವ, ಬೆರಳ ತುದಿಯ ಕೆಳಗೆ ಅತ್ತಿತ್ತ ಜಾರುವ ಗಂಟೊಂದು ಕೈಗೆ ಸಿಕ್ಕಿತು. ವೈದ್ಯರು ಗಾಯವನ್ನು ಶುಚಿಗೊಳಿಸಿ, ಔಷಧ ಬರೆದುಕೊಟ್ಟು, ಗಂಟು ತಾನಾಗಿಯೇ ಇಳಿಯುತ್ತದೆ ಎಂದರು. ಈಗ ಅದು ಮುಕ್ಕಾಲು ಪಾಲು ಇಳಿದಿದೆ. ಆದ್ದರಿಂದ ನನಗೆ ಬೇಕಾಗಿರುವುದು ಚಿಕಿತ್ಸೆಯಲ್ಲ, ವಿವರಣೆ.

ಅದು ದುಗ್ಧಗ್ರಂಥಿ ಎಂಬಷ್ಟು ತಿಳಿದಿದೆ. ಆದರೆ ಬೆರಳಿಗೂ ತೊಡೆಸಂದಿಗೂ ಇರುವ ದಾರಿ ಯಾವುದು? ದುಗ್ಧರಸವನ್ನು ದೂಡಲು ಹೃದಯದಂಥ ಅಂಗವಿಲ್ಲದಿರುವಾಗ ಅದು ಪಾದದಿಂದ ಮೇಲಕ್ಕೆ ಏರುವುದಾದರೂ ಹೇಗೆ? ಗ್ರಂಥಿ ಊದಿದೆ ಎಂದರೆ ಸೋಂಕು ಅಲ್ಲಿಯವರೆಗೂ ಹಬ್ಬಿದೆ ಎಂದು ಅರ್ಥವೇ?

ನಿವೃತ್ತ ಮೇಷ್ಟ್ರು

ಮೊದಲ ಎರಡು ಪ್ರಶ್ನೆಗಳಿಗೆ ನಾನು ಉತ್ತರಿಸುತ್ತೇನೆ. ಮೂರನೆಯದನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ.

ರಕ್ತದ ಲೋಮನಾಳಗಳ ಗೋಡೆ ಸೋರುತ್ತದೆ, ಸೋರಲೇಬೇಕು. ಜೀವಕೋಶಗಳಿಗೆ ಆಹಾರ ತಲುಪುವುದು ಹಾಗೆಯೇ. ಸೋರಿದ ದ್ರವದಲ್ಲಿ ದಿನಕ್ಕೆ ಕಡಿಮೆಯೆಂದರೂ 3 ಲೀಟರಿನಷ್ಟು ಭಾಗ ದುಗ್ಧರಸವಾಗಿ ದುಗ್ಧನಾಳಗಳ ಮೂಲಕವೇ ರಕ್ತಕ್ಕೆ ಮರಳಬೇಕು. ವಯಸ್ಕರ ರಕ್ತದಲ್ಲಿರುವ ಒಟ್ಟು ಪ್ಲಾಸ್ಮಾ (ಕಣಗಳನ್ನು ಬಿಟ್ಟ ದ್ರವಭಾಗ) ಕೂಡ ಸುಮಾರು 3 ಲೀಟರ್ ಎಂಬುದನ್ನು ನೆನೆದರೆ, ಈ ವಾಪಸಾತಿ ಒಂದು ದಿನ ನಿಂತರೂ ಏನಾದೀತು ಎಂಬುದನ್ನು ಊಹಿಸಬಹುದು.

ದುಗ್ಧನಾಳಗಳು ರಕ್ತನಾಳಗಳಂತೆ ಸುತ್ತುವ ಜಾಲವಲ್ಲ. ಅಂಗಾಂಶದೊಳಗೆ ಮುಚ್ಚಿದ ತುದಿಯಿಂದ ಆರಂಭವಾಗಿ ಒಂದೇ ದಿಕ್ಕಿಗೆ ಹರಿಯುತ್ತವೆ. ಆ ತುದಿಯ ಕೋಶಗಳು ಮಾಡಿನ ಹೆಂಚುಗಳಂತೆ ಒಂದರ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ಜೋಡಣೆಯಾಗಿದ್ದು, ಒಳಕ್ಕೆ ಮಾತ್ರ ತೆರೆಯುತ್ತವೆ. ಸುತ್ತಲಿನ ಅಂಗಾಂಶಕ್ಕೆ ಅವನ್ನು ಸೂಕ್ಷ್ಮ ಎಳೆಗಳು ಬಿಗಿದಿರುವುದರಿಂದ, ಬಾವು ಬಂದು ಅಂಗಾಂಶ ಹಿಗ್ಗಿದಾಗ ನಾಳ ಅಮುಕಿಹೋಗುವುದಿಲ್ಲ. ಎಳೆಗಳ ಸೆಳೆತಕ್ಕೆ ಅದರ ಬಾಯಿ ಇನ್ನಷ್ಟು ಅಗಲವಾಗುತ್ತದೆ. ನಿಮ್ಮ ಹೆಬ್ಬೆರಳಿನಲ್ಲಿ ದ್ರವದ ಜೊತೆಗೆ ಬ್ಯಾಕ್ಟೀರಿಯಾಗಳೂ ಅವುಗಳ ಚೂರುಗಳೂ ಒಳಹೊಕ್ಕದ್ದು ಈ ಬಾಗಿಲುಗಳಿಂದಲೇ. ಅಲ್ಲಿಂದ ಕಾಲಿನ ಒಳಬದಿಯ ನಾಳಗಳ ಗುಂಟ ಸಾಗಿದರೆ ಮೊದಲು ಎದುರಾಗುವ ತಂಗುದಾಣ ತೊಡೆಸಂದಿನ ಗ್ರಂಥಿಗಳು. ಗಾಯವು ಹಿಮ್ಮಡಿಯ ಹೊರಬದಿಯಲ್ಲಿ ಆಗಿದ್ದರೆ ಮಂಡಿಯ ಹಿಂಭಾಗದ ಗ್ರಂಥಿ ಮೊದಲು ಊದುವ ಸಂಭವವಿತ್ತು.

ಇನ್ನು ದೂಡುವ ಬಗೆ. ಕಪ್ಪೆಗಳಿಗೆ ನಿಜಕ್ಕೂ ದುಗ್ಧಹೃದಯಗಳಿವೆ, ನಮಗಿಲ್ಲ. ನಮ್ಮಲ್ಲಿ ದೊಡ್ಡ ದುಗ್ಧನಾಳಗಳ ಗೋಡೆಯ ಸ್ನಾಯುಗಳೇ ನಿಮಿಷಕ್ಕೆ ಹಲವು ಬಾರಿ ಸಂಕುಚಿಸುತ್ತವೆ, ಒಳಗಿನ ಕವಾಟಗಳು ಹಿಂದಕ್ಕೆ ಹರಿಯಗೊಡುವುದಿಲ್ಲ. ಮೀನಖಂಡದ ಸ್ನಾಯುಗಳ ಹಿಂಡುವಿಕೆಯೂ ಉಸಿರಾಟದಿಂದ ಎದೆಯೊಳಗೆ ಉಂಟಾಗುವ ಒತ್ತಡದ ಏರಿಳಿತವೂ ಇದಕ್ಕೆ ನೆರವಾಗುತ್ತವೆ. ಎರಡೂ ಕಾಲುಗಳ, ಹೊಟ್ಟೆಯ ಮತ್ತು ದೇಹದ ಎಡ ಮೇಲ್ಭಾಗದ ರಸವೆಲ್ಲ ಎದೆಯ ಮಹಾನಾಳದ ಮೂಲಕ ಎಡಗತ್ತಿನ ಬುಡದ ಸಿರೆಗಳಿಗೆ ಸೇರುತ್ತದೆ.

ಸೂಕ್ಷ್ಮದರ್ಶಿ

ಮೇಷ್ಟ್ರು ನನ್ನ ಕೆಲಸವನ್ನು ಅರ್ಧ ಮಾಡಿಬಿಟ್ಟಿದ್ದಾರೆ. ಮೂರನೆಯ ಪ್ರಶ್ನೆಗೆ ನೇರ ಉತ್ತರ: ಊತವು ಬಹುಮಟ್ಟಿಗೆ ನಿಮ್ಮದೇ ಸೈನ್ಯದ ಜಮಾವಣೆ.

ಗಾಯದ ಜಾಗಕ್ಕೆ ಮೊದಲು ಧಾವಿಸಿದವು ನ್ಯೂಟ್ರೋಫಿಲ್‌ ಎಂಬ ಬಿಳಿ ರಕ್ತಕಣಗಳು. ನೀವು ಕಂಡ ಕೀವು ಹೆಚ್ಚಾಗಿ ಅವುಗಳ ಹೆಣಗಳೇ. ಇವು ಶತ್ರುವಿನ ಗುರುತು ಹಿಡಿದು ಆರಿಸಿ ಹೊಡೆಯುವುದಿಲ್ಲ, ಎದುರು ಸಿಕ್ಕ ಬ್ಯಾಕ್ಟೀರಿಯಾವನ್ನು ನುಂಗುತ್ತವೆ. ಗುರುತು ಹಿಡಿಯುವವು ಲಿಂಫೋಸೈಟ್‌ಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು, ಮತ್ತು ಇಲ್ಲೊಂದು ವಿಚಿತ್ರವಾದ ತೊಡಕಿದೆ. ಪ್ರತಿಯೊಂದು ಲಿಂಫೋಸೈಟ್ ಒಂದೇ ಬಗೆಯ ಬೀಗಕ್ಕೆ ಹೊಂದುವ ಕೀಲಿಯನ್ನು ಹೊತ್ತು ಹುಟ್ಟುತ್ತದೆ. ಹಿಂದೆ ಎದುರಾಗದ ಒಂದು ನಿರ್ದಿಷ್ಟ ಪ್ರತಿಜನಕಕ್ಕೆ (ಶತ್ರುವಿನ ಗುರುತಾಗುವ ಅಣುವಿಗೆ) ಹೊಂದುವ ಕಣ ಲಕ್ಷಕ್ಕೊಂದೋ ಹತ್ತು ಲಕ್ಷಕ್ಕೊಂದೋ ಇರುತ್ತದೆ. ಅಂಥದ್ದೊಂದು ಇಡೀ ದೇಹವನ್ನು ಅಲೆದು ನಿಮ್ಮ ಹೆಬ್ಬೆರಳನ್ನು ಹುಡುಕಿಕೊಂಡು ಬರುವಷ್ಟರಲ್ಲಿ ಯುದ್ಧ ಮುಗಿದಿರುತ್ತದೆ.

ಆದ್ದರಿಂದ ದೇಹ ಇಬ್ಬರನ್ನೂ ಒಂದೇ ಸಂತೆಗೆ ಕರೆಸುತ್ತದೆ. ಚರ್ಮದಲ್ಲಿ ಕಾವಲಿರುವ ಡೆಂಡ್ರಿಟಿಕ್ ಕೋಶಗಳು ಬ್ಯಾಕ್ಟೀರಿಯಾದ ಚೂರುಗಳನ್ನು ಹೊತ್ತು ದುಗ್ಧನಾಳದ ಮೂಲಕ ಗ್ರಂಥಿಯನ್ನು ಸೇರುತ್ತವೆ. ಇತ್ತ ಲಿಂಫೋಸೈಟ್‌ಗಳು ರಕ್ತದಿಂದ ಗ್ರಂಥಿಯೊಳಗಿನ ವಿಶೇಷ ಕಿರುಸಿರೆಗಳ ಗೋಡೆಯನ್ನು ನುಸುಳಿ ಒಳಬಂದು, ಹಲವು ಗಂಟೆ ಅಲೆದಾಡಿ, ತಮ್ಮ ಬೀಗ ಸಿಗದಿದ್ದರೆ ಹೊರಬಿದ್ದು, ಮತ್ತೆ ರಕ್ತದ ಮೂಲಕ ಇನ್ನೊಂದು ಗ್ರಂಥಿಗೆ ಹೋಗುತ್ತವೆ. ಈ ಅವಿರತ ಸುತ್ತಾಟವನ್ನು 1950ರ ದಶಕದ ಕೊನೆಯಲ್ಲಿ ಜೇಮ್ಸ್ ಗೊವನ್ಸ್ ಇಲಿಗಳಲ್ಲಿ ತೋರಿಸಿಕೊಟ್ಟರು: ಎದೆಯ ಮಹಾನಾಳದ ರಸವನ್ನು ಹೊರಕ್ಕೆ ಬಸಿದರೆ ಲಿಂಫೋಸೈಟ್‌ಗಳು ಕ್ಷೀಣಿಸುತ್ತಿದ್ದವು, ಆ ಕಣಗಳನ್ನು ರಕ್ತಕ್ಕೆ ಮರಳಿ ಸೇರಿಸಿದರೆ ಚೇತರಿಸಿಕೊಳ್ಳುತ್ತಿದ್ದವು.

ಸೋಂಕಿನ ಸುದ್ದಿ ಬಂದೊಡನೆ ಗ್ರಂಥಿಯ ರಕ್ತಪ್ರವಾಹ ಹೆಚ್ಚುತ್ತದೆ, ಒಳಬಂದ ಕಣಗಳು ಹೊರಹೋಗುವುದು ತಾತ್ಕಾಲಿಕವಾಗಿ ನಿಲ್ಲುತ್ತದೆ, ಹೊಂದಿಕೆಯಾದ ಕಣ ದಿನಕ್ಕೆ ಹಲವು ಬಾರಿ ಇಬ್ಭಾಗವಾಗುತ್ತಾ ಕೆಲವೇ ದಿನಗಳಲ್ಲಿ ಸಾವಿರಾರು ಆಗುತ್ತದೆ. ನೋವು ಗ್ರಂಥಿಯ ಹೊರಕವಚ ಹಿಗ್ಗಿದ್ದರ ಫಲ. ಲಿಂಫೋಸೈಟ್‌ಗಳಲ್ಲಿ ಬಿ ಮತ್ತು ಟಿ ಎಂಬ ಎರಡು ಮುಖ್ಯ ಬಗೆಗಳಿವೆ. ಹೀಗೆ ಬೆಳೆದವುಗಳಲ್ಲಿ ಬಿ-ಕಣಗಳ ಸಂತತಿ ಶತ್ರುವಿಗೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಸ್ರವಿಸುತ್ತದೆ, ಟಿ-ಕಣಗಳು ಬಿ-ಕಣಗಳಿಗೆ ನೆರವಾಗುತ್ತವೆ ಅಥವಾ ಸೋಂಕು ತಗುಲಿದ ಕೋಶಗಳನ್ನು ಕೊಲ್ಲುತ್ತವೆ. ಕೆಲವು ನೆನಪಿನ ಕಣಗಳಾಗಿ ವರ್ಷಗಟ್ಟಲೆ ಉಳಿಯುತ್ತವೆ. ಲಸಿಕೆ ಹಾಕಿಸಿಕೊಂಡಾಗ ಕೆಲವರಿಗೆ ಅದೇ ಬದಿಯ ಕಂಕುಳಲ್ಲಿ ಗಂಟು ಕಾಣಿಸಿಕೊಳ್ಳುವುದಕ್ಕೂ ಕಾರಣ ಇದೇ, ಅಲ್ಲಿ ಹಬ್ಬಲು ರೋಗವೇ ಇರುವುದಿಲ್ಲ.

ಹಾಗೆಂದು ನಿಮ್ಮ ಅನುಮಾನ ಪೂರ್ತಿ ತಪ್ಪೂ ಅಲ್ಲ. ಗ್ರಂಥಿಯಲ್ಲಿರುವ ಮ್ಯಾಕ್ರೊಫೇಜ್‌ ಎಂಬ ನುಂಗುವ ಕೋಶಗಳು ಬಂದ ಬ್ಯಾಕ್ಟೀರಿಯಾಗಳನ್ನು ಸೋಸಿ ನುಂಗುತ್ತವೆ. ಬಂದವುಗಳ ಕೈ ಮೇಲಾದರೆ ಗ್ರಂಥಿಯಲ್ಲೇ ಕೀವಾಗುವುದೂ ಉಂಟು.

ಕುತೂಹಲಿ

ಇಬ್ಬರಿಗೂ ಕೃತಜ್ಞತೆಗಳು. ಇನ್ನೆರಡು ಪ್ರಶ್ನೆಗಳಿವೆ. ಗ್ರಂಥಿಗಳನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದವರ ಗತಿಯೇನು? ದುಗ್ಧರಸವನ್ನು ಮಾಲೀಶಿನಿಂದ ಶುದ್ಧಿಗೊಳಿಸಿ ದೇಹದ ವಿಷ ಹೊರಹಾಕುತ್ತೇವೆ ಎಂಬ ಜಾಹೀರಾತುಗಳನ್ನು ನಂಬಬಹುದೇ? ಪಾರದರ್ಶಕವಾದ ರಸಕ್ಕೆ ಹಾಲು ಎಂಬ ಅರ್ಥದ ‘ದುಗ್ಧ’ ಏಕೆ ಬಂತು ಎಂಬುದೂ ಹೊಳೆಯಲಿಲ್ಲ.

ವಾರ್ಡ್ ಡೈರಿ

ಊತ ಚಿಕಿತ್ಸೆಯ ವಿಭಾಗದಲ್ಲಿ ದುಡಿಯುವವಳಾಗಿ ಹೇಳುತ್ತೇನೆ. ಸ್ತನ ಕ್ಯಾನ್ಸರಿಗಾಗಿ ಕಂಕುಳಿನ ಗ್ರಂಥಿಗಳನ್ನು ತೆಗೆದಾಗ ಕೆಲವರಿಗೆ ಆ ಬದಿಯ ಕೈ ಊದಿಕೊಳ್ಳುತ್ತದೆ. ಬೆಳಗ್ಗೆ ಸಲೀಸಾಗಿ ಹೋದ ಉಂಗುರ ಸಂಜೆ ಬೆರಳಿನಲ್ಲಿ ಸಿಕ್ಕಿಕೊಳ್ಳುವುದೇ ಅವರು ಮೊದಲು ಗಮನಿಸುವ ಸೂಚನೆಯಾಗಿರಬಹುದು. ಈ ಕಾರಣಕ್ಕಾಗಿಯೇ ಈಗ ಎಷ್ಟೋ ರೋಗಿಗಳಲ್ಲಿ ಬಣ್ಣ ಅಥವಾ ವಿಕಿರಣಶೀಲ ದ್ರವವನ್ನು ಚುಚ್ಚಿ, ಅದು ಮೊದಲು ತಲುಪುವ ಒಂದೆರಡು ಗ್ರಂಥಿಗಳನ್ನು ಮಾತ್ರ ತೆಗೆದು ಪರೀಕ್ಷಿಸುತ್ತಾರೆ. ಆನೆಕಾಲು ರೋಗದಲ್ಲಿ ಫೈಲೇರಿಯಾ ಹುಳುಗಳು ಕೆಡಿಸುವುದೂ ಇದೇ ನಾಳಗಳನ್ನು.

ಇಂಥ ಊತಕ್ಕೆ ತರಬೇತಿ ಪಡೆದವರ ಹಗುರ ನೀವುವಿಕೆಯನ್ನು ಬಿಗಿಪಟ್ಟಿಯ ಜೊತೆಗೆ ಬಳಸುತ್ತೇವೆ. ವಿಷ ತೆಗೆಯುವ ಮಾತು ಬೇರೆ. ಆ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದ್ದು, ಮಾಲೀಶಿನದ್ದಲ್ಲ. ಸೋಂಕಿರುವ ಕಾಲನ್ನಂತೂ ತಿಕ್ಕಲೇಬೇಡಿ.

ನಿಮ್ಮ ಗಂಟು ಇಳಿಯುತ್ತಿರುವುದು ಒಳ್ಳೆಯದು. ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಹರಿದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಕಲ್ಲಿನಂತೆ ಗಟ್ಟಿಯಾದ, ಜಾರದ, ನೋವಿಲ್ಲದೆ ಬೆಳೆಯುವ ಗಂಟು, ಕೊರಳೆಲುಬಿನ ಮೇಲ್ಭಾಗದ ಗಂಟು, ಕೆಲವು ವಾರಗಳಾದರೂ ಇಳಿಯದ ಗಂಟು, ಇವನ್ನು ತೋರಿಸದೆ ಬಿಡಬಾರದು.

ನಿವೃತ್ತ ಮೇಷ್ಟ್ರು

ಹೆಸರಿನ ಪ್ರಶ್ನೆ ನನಗೆ ಇಷ್ಟವಾಯಿತು. 1622ರಲ್ಲಿ ಇಟಲಿಯ ಗಾಸ್ಪಾರೊ ಅಸೆಲ್ಲಿ, ಆಗಷ್ಟೇ ಆಹಾರ ತಿಂದಿದ್ದ ನಾಯಿಯ ಹೊಟ್ಟೆಯನ್ನು ಸೀಳಿದಾಗ ಕರುಳಿನ ಪೊರೆಯ ತುಂಬ ಬಿಳಿಯ ಎಳೆಗಳನ್ನು ಕಂಡರು. ನರಗಳೆಂದುಕೊಂಡು ಒಂದನ್ನು ಕತ್ತರಿಸಿದರೆ ಹಾಲಿನಂಥ ದ್ರವ ಹೊರಬಂತು. ಆಹಾರದ ಕೊಬ್ಬು ಕರುಳಿನಿಂದ ರಕ್ತಕ್ಕೆ ಹೋಗುವುದು ದುಗ್ಧನಾಳಗಳ ಮೂಲಕವಾದ್ದರಿಂದ ಅಲ್ಲಿನ ರಸ ಊಟದ ನಂತರ ಬೆಳ್ಳಗಾಗುತ್ತದೆ. ದುಗ್ಧರಸದ ಇಂಗ್ಲಿಷ್ ಹೆಸರಾದ ‘ಲಿಂಫ್’ ಎಂಬುದರ ಮೂಲವಾದ ಲ್ಯಾಟಿನ್ ಪದಕ್ಕಾದರೋ ತಿಳಿನೀರು ಎಂಬ ಅರ್ಥ. ನಿಮ್ಮ ಕಾಲಿನಲ್ಲಿ ಹರಿದದ್ದಕ್ಕೆ ಆ ಹೆಸರು ಸರಿ, ಕರುಳಿನದ್ದಕ್ಕೆ ನಮ್ಮ ಹೆಸರು.